ಬಿರುಕಿನ ಮೇಲಿನ ಬಿಲ್ಲೆ

ತಣ್ಣಗಿದೆ, ಇನ್ನೂ ತಣ್ಣಗೇ ಇದೆ, ಬೆರಳಿನ ಹಿಂಬದಿ ತಾಗಿಸಿದರೆ ಮೀನಿನ ಹೊಟ್ಟೆ ಮುಟ್ಟಿದ ಹಾಗೆ, ಇಷ್ಟು ಹೊತ್ತಿಗೆ ಒಣಗಬೇಕಿತ್ತು, ನಿನ್ನೆ ಇಳಿಹೊತ್ತು, ಅಸರ್ ನಮಾಜಿನ ಹೊತ್ತಿಗೆ ಹಾಕಿದ್ದು, ಈಗ ಶುಕ್ರವಾರ ಮಧ್ಯಾಹ್ನ, ಜುಮ್ಮಾ ಮುಗಿಸಿ ಜನ ಮಸೀದಿಯಿಂದ ಹೊರಬೀಳುತ್ತಿದ್ದಾರೆ, ಚಪ್ಪಲಿಯ ಸದ್ದು ನಾಲ್ಕನೇ ಮಹಡಿಯ ತನಕ ಬರುತ್ತಿದೆ, ಆ ಸದ್ದಿನಲ್ಲಿ ಮನೆ ನೋಡಲು ಬರುವವರ ಚಪ್ಪಲಿಯೂ ಸೇರಿದೆ — ಕೈ ತೆಗಿ, ಮುಟ್ಟಿ ಮುಟ್ಟಿ ಕಲೆ ಮಾಡಬೇಡ ಎಂದು ಶಹಾತ ತನಗೆ ತಾನೇ ಗದರಿಕೊಂಡ, ಕೈ ಮಾತ್ರ ತೆಗೆಯಲಿಲ್ಲ. ಅಮ್ಮ ಮಲಗುವ ಕೋಣೆಯ ಗೋಡೆ, ಅದರಲ್ಲಿ ಮೇಲಿನಿಂದ ನೆಲದ ತನಕ ಇಳಿದ ಬಿರುಕು, ಬಿರುಕಿನ ಮೇಲೆ ಎದೆಯೆತ್ತರಕ್ಕೆ ಅಂಗೈಯಗಲದ ಜಿಪ್ಸಮ್ ಬಿಲ್ಲೆ, ಎರಡು ದಡಕ್ಕೂ ಕಾಲೂರಿ ನಿಂತ ಸೇತುವೆಯ ಹಾಗೆ. ಅಲೆಕ್ಸಾಂಡ್ರಿಯಾದಲ್ಲಿ ಹಳೆಯ ಕಟ್ಟಡದ ಯಾವ ಮನೆಗೆ ಹೋದರೂ ಯಾವುದೋ ಒಂದು ಗೋಡೆಯಲ್ಲಿ ಇಂಥದೊಂದು ಬಿಲ್ಲೆ, ಮೇಲೆ ಪೆನ್ನಿನಲ್ಲಿ ಬರೆದ ತಾರೀಕು, ಗೋಡೆ ಅಲುಗಿದರೆ ಮೊದಲು ಒಡೆಯುವುದು ಅದೇ, ಜಿಪ್ಸಮ್ಮಿಗೆ ಬಾಗುವುದು ಗೊತ್ತಿಲ್ಲ, ಒಡೆಯುವುದಷ್ಟೇ ಗೊತ್ತು. ಒಡೆಯದೆ ಉಳಿಯಿತೋ, ಬಿರುಕು ಸತ್ತಿದೆ, ನಿಶ್ಚಿಂತೆಯಿಂದ ಮಲಗಿ. ಒಡೆಯಿತೋ, ಬಿರುಕಿಗೆ ಜೀವ ಇದೆ. ಹಳೆಯ ಬಿಲ್ಲೆ ಒಡೆದಿತ್ತು. ಮೂರು ವರ್ಷದ ಹಿಂದೆ ಕಟ್ಟಡದವರೆಲ್ಲ ಸೇರಿ ಕರೆಸಿದ ಎಂಜಿನಿಯರ್ ಹಾಕಿ ಹೋದದ್ದು, ಎಂಟೇ ತಿಂಗಳಿಗೆ ಇಬ್ಭಾಗ, ನಿನ್ನೆ ಉಳಿ ಹಿಡಿದು ಅದನ್ನು ಕಿತ್ತು ಹೊಸದು ಮೆತ್ತಿದವನು ಇವನೇ, ಕರಿ ಚಹಾದ ನೀರು ಸವರಿ ಅದಕ್ಕೆ ಮುಪ್ಪಿನ ಬಣ್ಣ ತಂದವನೂ ಇವನೇ, ಮೂರು ವರ್ಷ ಹಿಂದಿನ ತಾರೀಕನ್ನು ಆ ಎಂಜಿನಿಯರನ ಸೊಟ್ಟ ಅಂಕಿಗಳಲ್ಲೇ ಬರೆದವನೂ ಇವನೇ — ಹನ್ನೆರಡನೇ ವಯಸ್ಸಿಗೇ ಶಾಲೆ ಬಿಟ್ಟು ಗಾರೆ ಹೊತ್ತವನಿಗೆ ದಕ್ಕಿದ ವಿದ್ಯೆ ಅದೊಂದೇ, ಗೋಡೆಯ ಮುಖ ತಿದ್ದುವುದು, ಆ ವಿದ್ಯೆಯೂ ಕೊನೆಗೆ ಇದಕ್ಕೇ ಬಂತಲ್ಲ ಎಂದು ಹಲ್ಲು ಕಚ್ಚಿದ.

ಉಪಾಯ ಬಖೀತ್ ಮಾಮನದು. ಕಟ್ಟಡದ ಕಾವಲುಗಾರ, ಬಾಗಿಲ ಪಕ್ಕದ ಬೆಂಚಿನಲ್ಲಿ ಮೂವತ್ತು ವರ್ಷ ಕೂತವನು, ಮನೆ ಮಾರಿಸುವ ದಲ್ಲಾಳಿಯೂ ಅವನೇ, ಈ ಓಣಿಯಲ್ಲಿ ಅವನನ್ನು ದಾಟಿ ಒಂದು ಕೋಣೆಯೂ ಕೈ ಬದಲಿಸಿಲ್ಲ. ಬಚ್ಚಿಟ್ರೆ ಹುಡುಕ್ತಾರೆ ಕಣೋ ಅಂದಿದ್ದ, ಕಪಾಟು ಅಡ್ಡ ಇಟ್ಟೆ ಅಂತಿಟ್ಕೋ, ಮನೆ ನೋಡೋಕೆ ಬಂದೋರು ಮೊದ್ಲು ಇಣುಕೋದೇ ಕಪಾಟಿನ ಹಿಂದೆ, ತೋರ್ಸು, ಎದುರಿಗೇ ತೋರ್ಸು, ಮೂರು ವರ್ಷದ ಬಿಲ್ಲೆ ಒಡೀದೆ ಇದೆ ಅಂದ್ರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವ ಎಂಜಿನಿಯರೂ ಕೊಡಲ್ಲ. ಮತ್ತೆ ಉಳಿದ ಪಾಠ, ಬೆಂಚಿನ ಮೇಲೆ ಕೂತು ಕುಂಬಳಬೀಜ ಬಿಡಿಸುತ್ತ ಹೇಳಿದ್ದು — ಬಂದ ಕೂಡ್ಲೇ ಚಹಾ ಕೊಡ್ಬೇಡ, ಚಹಾ ಕೊಟ್ರೆ ಕೂತ್ಬಿಡ್ತಾರೆ, ಕೂತೋರು ಸುಮ್ನೆ ಗೋಡೆ ನೋಡ್ತಾರೆ, ಮೊದ್ಲು ಬಾಲ್ಕನಿ, ಎರಡು ಕಟ್ಟಡದ ಮಧ್ಯೆ ಒಂದು ಗೇಣು ಸಮುದ್ರ ಕಾಣುತ್ತಲ್ಲ, ಅದನ್ನ ತೋರ್ಸು, ಅವರ ಹಿಂದೆ ಹಿಂದೆ ಸುತ್ತಬೇಡ, ಹೆಂಗಸರನ್ನ ನಿಮ್ಮಮ್ಮ ನೋಡ್ಕೊಳ್ಳಲಿ, ಕೇಳಿದ್ದಕ್ಕೆ ಮಾತ್ರ ಉತ್ತರ, ಕೇಳದೆ ಇದ್ದಿದ್ದಕ್ಕೆ ನೀನೇ ಉತ್ತರ ಕೊಟ್ಯೋ, ಕಳ್ಳ ಅಂತ ಹಣೆ ಮೇಲೆ ಬರ್ಕೊಂಡ ಹಾಗೆ, ಆಮೇಲೆ ಆ ಮುಖ ಸ್ವಲ್ಪ ಸಡಿಲ ಬಿಡು ಮಾರಾಯ, ಯಾರಿಗೋ ಹೊಡಿಯೋಕೆ ಹೊರಟೋನ ಹಾಗೆ ಕಾಣ್ತೀಯ. ಹೊಡೆಯಬೇಕೆಂದೇ ಇದೆ, ಯಾರಿಗೆ ಎಂದು ಗೊತ್ತಿಲ್ಲ, ಐದು ಮಹಡಿಯ ಅಡಿಪಾಯದ ಮೇಲೆ ಇನ್ನೂ ಮೂರು ಏರಿಸಿ, ಎಲ್ಲವನ್ನೂ ಮಾರಿ, ಕುವೈತಿಗೋ ಎಲ್ಲಿಗೋ ಹಾರಿದ ಮಾಲೀಕನಿಗೆ, ಕಂಬದೊಳಗಿನ ಕಬ್ಬಿಣವನ್ನು ಬಿಸ್ಕತ್ತಿನ ಹಾಗೆ ತಿಂದ ಸಮುದ್ರದ ಉಪ್ಪಿಗೆ, ಇಲ್ಲ, ಎರಡನೇ ಮಹಡಿಯ ಆ ದರ್ಜಿಗೆ — ಬಿಲ್ಲೆ ಒಡೆದ ದಿನ ಎಲ್ಲರನ್ನೂ ತನ್ನ ಮನೆಯಲ್ಲಿ ಕೂರಿಸಿ, ನೋಡ್ರಪ್ಪ, ಇದು ಹೊರಗೆ ಗೊತ್ತಾದ್ರೆ ನಾಳೆಯೇ ಕೆಡವೋ ಆರ್ಡರ್ ಬರುತ್ತೆ, ನಾವು ಹದಿನಾರು ಸಂಸಾರ ಬೀದೀಲಿ ಚಾಪೆ ಹಾಸ್ಬೇಕು, ಎಲ್ಲರೂ ಬಾಯಿ ಮುಚ್ಕೊಂಡಿರ್ತೀವಿ ಅಂತ ಫಾತಿಹಾ ಓದಿ ಅಂದವನು, ಓದಿದರು, ಕುರಾನಿನ ಮೊದಲ ಏಳು ವಾಕ್ಯ, ಓದಿದರೆ ಮಾತಿಗೆ ಮುದ್ರೆ ಬಿದ್ದ ಹಾಗೆ, ಹದಿನಾರು ಸಂಸಾರವೂ ಅಂಗೈ ಎತ್ತಿ ಓದಿತು, ಇವನೂ ಓದಿದ, ಅವತ್ತು ರಾತ್ರಿ ಅಮ್ಮನ ಮಂಚವನ್ನು ಆ ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದ, ಒಂದು ಮೊಳ, ಅಷ್ಟೇ, ಕೋಣೆಯಲ್ಲಿ ಇದ್ದ ಜಾಗವೇ ಅಷ್ಟು.

ಬಚ್ಚಲ ಬಾಗಿಲು ಹಿಡ್ಕೊಂಡಿದೆ ಕಣೋ ಎಂದು ಅಡುಗೆಮನೆಯಿಂದ ಅಮ್ಮ, ಇನ್ಸಾಫ್, ದಪ್ಪ ಕಾಲುಗಳನ್ನು ಒಂದಾದ ಮೇಲೊಂದು ಎತ್ತಿಡುತ್ತ ಬಂದಳು, ಬೆಳಿಗ್ಗೆಯಿಂದ ತಳ್ತಿದ್ದೀನಿ, ಅರ್ಧಕ್ಕೇ ನಿಲ್ಲುತ್ತೆ, ಅವರು ತೆಗೆದು ನೋಡಿದ್ರೆ ಏನು ಮಾಡೋದು — ತೇವಕ್ಕೆ ಮರ ಉಬ್ಬಿದೆ ಅಮ್ಮ, ಮೂರು ದಿನ ಪೊರಕೆ ಬೀಸಿತಲ್ಲ, ಎಂದ, ನವೆಂಬರಿನ ಆ ಬಿರುಗಾಳಿಗೆ ಊರು ಇಟ್ಟ ಹೆಸರು ಅದು, ಇಡೀ ಕಡಲದಂಡೆಯನ್ನು ಗುಡಿಸಿ ಹೋಗುತ್ತದೆ, ಹೌದು ತೇವಕ್ಕೇ, ಮರ ಉಬ್ಬಿದೆ, ಚೌಕಟ್ಟು ಓರೆಯಾಗಿಲ್ಲ, ಚೌಕಟ್ಟು ಯಾಕೆ ಓರೆಯಾಗಬೇಕು. ಬಾಗಿಲಿಗೆ ಭುಜ ಕೊಟ್ಟು ಪೂರ್ತಿ ತೆರೆದು ಅಡಿಯಲ್ಲಿ ರಟ್ಟು ಸಿಕ್ಕಿಸಿದ, ಇನ್ನು ತೆರೆದೇ ಇರಲಿ. ಇವತ್ತೊಂದು ದಿನ, ಇವತ್ತೊಂದು ದಿನ ದಾಟಿದರೆ ಆಮ್ರಿಯ್ಯದ ಆಚೆ ಎರಡು ಕೋಣೆ ನೋಡಿಟ್ಟಿದ್ದಾನೆ, ನೆಲಮಾಳಿಗೆ ಇಲ್ಲ, ಮೇಲೆ ಮಹಡಿ ಇಲ್ಲ, ತಲೆಯ ಮೇಲೆ ಬೀಳಲಿಕ್ಕೆ ಬರಿಯ ಆಕಾಶ, ಅಲ್ಲಿ ಅಮ್ಮ ಮಲಗುತ್ತಾಳೆ, ಇವನೂ ಮಲಗುತ್ತಾನೆ, ಎರಡು ವರ್ಷದಿಂದ ಮಲಗದ ನಿದ್ದೆ, ಮೇಲಿನವರು ಕುರ್ಚಿ ಎಳೆದರೆ ಎದ್ದು ಕೂರುವುದು ಬೇಡ, ನೀರಿನ ಪಂಪು ಶುರುವಾದಾಗ ಗೋಡೆಗೆ ಕಿವಿ ಇಡುವುದು ಬೇಡ. ಬರುವವನು ಯಾರೋ, ಅವನ ಹಣೆಬರಹ ಅವನಿಗೆ, ಯಾವನಾದರೂ ಸೂಟಿನವನು ಬರಲಿ, ಹೊಟ್ಟೆ ತುಂಬಿದವನು, ಬೇಸಿಗೆಗೆ ಹತ್ತು ದಿನ ಬಂದುಹೋಗುವ ಕೈರೋದವನು — ಬಾಗಿಲು ಬಡಿದ ಸದ್ದು, ಬಖೀತ್ ಮಾಮನ ಕೆಮ್ಮು, ಬನ್ನಿ ಹಾಜಿ, ಮೆಟ್ಟಿಲು ನೋಡ್ಕೊಂಡು, ಇದೇ, ಇದೇ ಮನೆ.

ಸೂಟು ಇರಲಿಲ್ಲ. ಹಾಜಿ ಮೆತ್ವಲ್ಲಿ ಎಂಬ ಮುದುಕ, ಕಾಲು ಮುಟ್ಟುವ ಬೂದು ನಿಲುವಂಗಿ ಜಲ್ಲಾಬಿಯ, ಹಿಂದೆ ಹೆಂಡತಿ ಕೌಸರ್, ಅವಳ ತೋಳು ಹಿಡಿದು ಮಗಳು ವಿದಾದ್, ಮೆಟ್ಟಿಲು ಹತ್ತಿ ಏದುಸಿರು, ಒಂದು ಕೈ ಹೊಟ್ಟೆಯ ಮೇಲೆ — ಬಸುರಿ, ಏಳು ತಿಂಗಳಿರಬೇಕು, ಬಖೀತ್ ಹೇಳಿರಲಿಲ್ಲ, ಹೇಳಲಿಲ್ಲ ಆ ನಾಯಿ, ಒಂದು ಸಂಸಾರ ಅಂದಿದ್ದ ಅಷ್ಟೇ. ಮಗಳಿಗೇ ಕೊಡಿಸ್ತಿರೋದು ಎಂದಳು ಕೌಸರ್, ಅಳಿಯ ಹಡಗಿನಲ್ಲಿರ್ತಾನೆ, ಆರು ತಿಂಗಳು ನೀರು, ಎರಡು ತಿಂಗಳು ನೆಲ, ಬಾಡಿಗೆ ಮನೇಲಿ ಇವಳೊಬ್ಬಳೇ ಎಷ್ಟೂಂತ, ಎನ್ನುತ್ತಲೇ ಮೂಗು ಎತ್ತಿದಳು, ಇಷ್ಟೊಂದು ಧೂಪ ಹಾಕಿದ್ದೀರಲ್ಲಮ್ಮ, ದೃಷ್ಟಿ ತೆಗೀತಿದ್ದೀರೋ ಏನಾದ್ರೂ ಮುಚ್ತಿದ್ದೀರೋ. ಹಸಿ ಜಿಪ್ಸಮ್ಮಿನ ವಾಸನೆ ಅಡಗಲೆಂದೇ ಶಹಾತ ಹಾಕಿಸಿದ ಧೂಪ ಅದು. ಬೆಳಿಗ್ಗೆ ಸಾರ್ಡೀನ್ ಕರಿದೆ ತಾಯಿ ಎಂದಳು ಇನ್ಸಾಫ್, ಮೀನಿನ ನಾತದಲ್ಲಿ ಮನೆ ಕಾಣಲ್ಲ ಅಂತ. ಕೌಸರ್ ನಕ್ಕಳು, ಅಯ್ಯೋ, ನಮ್ಮನೇಲಿ ಆ ನಾತಕ್ಕೇ ನೆಂಟರು ಬರ್ತಾರೆ. ಬಾಲ್ಕನಿ, ಬಾಲ್ಕನಿ ತೋರಿಸಿದ, ಒಂದು ಗೇಣು ಸಮುದ್ರ, ಹಾಜಿ ಅದರತ್ತ ಕಣ್ಣೂ ಹಾಕಲಿಲ್ಲ, ಹಿಮ್ಮಡಿಯಿಂದ ನೆಲದ ಬಿಲ್ಲೆಕಲ್ಲುಗಳನ್ನು ಒಂದೊಂದಾಗಿ ತಟ್ಟುತ್ತ ನಡೆದರು, ಟಕ್ ಟಕ್, ತಲೆ ಓರೆ ಮಾಡಿ ಕೇಳುತ್ತ, ಟೊಳ್ಳು ಎಲ್ಲಿ ಗಟ್ಟಿ ಎಲ್ಲಿ ಎಂದು — ಹೀಗೆ ಹಿಮ್ಮಡಿ ಹಾಕುವವರನ್ನು ಇವನು ಬಲ್ಲ, ಕಟ್ಟಡ ಕೆಲಸದ ಮೇಸ್ತ್ರಿಗಳು ಮಾತ್ರ ಹೀಗೆ ನಡೆಯುತ್ತಾರೆ, ಕೈ ನೋಡು ಶಹಾತ, ಕೈ ನೋಡು, ಬಲಗೈ ಹೆಬ್ಬೆರಳು ಚಪ್ಪಟೆ, ಸುತ್ತಿಗೆ ಬಿದ್ದ ಹಳೆಯ ಗುರುತು. ನಲವತ್ತು ವರ್ಷ ಸೈಟಿನಲ್ಲಿದ್ದೆ ಕಣಪ್ಪ ಎಂದರು ಹಾಜಿ ಅವನ ನೋಟ ಹಿಡಿದು, ಕಲ್ಲು ಸುಳ್ಳು ಹೇಳಲ್ಲ, ಮನುಷ್ಯರ ವಿಷಯ ಗೊತ್ತಿಲ್ಲ. ಬಖೀತ್ ಮಾಮ ಗೋಡೆಗೊರಗಿ ಕುಂಬಳಬೀಜ ಬಾಯಿಗೆಸೆದುಕೊಂಡ, ಅಸರ್ ಹೊತ್ತಿಗೆ ಇನ್ನೊಂದು ಪಾರ್ಟಿ ಇದೆ ಹಾಜಿ, ನಾನು ಅವಸರ ಮಾಡ್ತಿಲ್ಲ, ಹೇಳಿದೆ ಅಷ್ಟೇ. ಬರಲಿ ಬಿಡು, ನಾನು ಅವರಿಗೂ ತೋರಿಸ್ತೀನಿ ಎಂದರು ಹಾಜಿ, ಮತ್ತು ಅಮ್ಮನ ಕೋಣೆಗೆ ಹೊಕ್ಕರು.

ಹೋಗಬೇಡ, ಹಿಂದೆ ಹೋಗಬೇಡ ಎಂದಿದ್ದ ಬಖೀತ್, ಆದರೂ ಶಹಾತ ಹೋದ. ಹಾಜಿ ಬಿರುಕನ್ನು ಮೇಲಿನಿಂದ ಕೆಳಗಿನ ತನಕ ಕಣ್ಣಲ್ಲೇ ಇಳಿದರು, ಹೆಗಲಿನ ಟವೆಲಿನಿಂದ ಕನ್ನಡಕ ಒರೆಸಿದರು, ತಾರೀಕು ಓದಿದರು, ತುಟಿ ಅಲುಗಿತು, ಮೂರು ವರ್ಷ, ಆಮೇಲೆ ಉಗುರಿನಿಂದ ಬಿಲ್ಲೆಯ ಅಂಚನ್ನು ಸುತ್ತಲೂ ಸವರಿದರು, ಅಡ್ಡಕ್ಕೆ, ಉದ್ದಕ್ಕೆ, ಕೂದಲೆಳೆಯೂ ಇಲ್ಲ, ಆಮೇಲೆ ಬೆರಳು ಮಡಿಸಿ — ಬೇಡ, ಹಿಂಬದಿ ಬೇಡ, ದೇವರೇ, ಬೆರಳಿನ ಹಿಂಬದಿ ಇಡಬೇಡ — ಇಟ್ಟರು. ಎಷ್ಟು ಹೊತ್ತು, ಒಂದು ಉಸಿರೋ ಹತ್ತು ಉಸಿರೋ, ಬೀದಿಯಲ್ಲಿ ಗ್ಯಾಸ್ ಮಾರುವವನು ಸಿಲಿಂಡರಿಗೆ ಸ್ಪಾನರ್ ಬಡಿಯುತ್ತಿದ್ದ, ಅದು ಇವನ ಪಕ್ಕೆಲುಬಿಗೆ ಬಡಿದ ಹಾಗೆ. ತಣ್ಣಗಿದೆ ಎಂದರು ಹಾಜಿ. ಸಮುದ್ರದ ಕಡೆ ಗೋಡೆ ಹಾಜಿ, ಪೊರಕೆ ಮೂರು ದಿನ ಹೊಡೀತಲ್ಲ ಎಂದುಬಿಟ್ಟ, ಕೇಳದ್ದಕ್ಕೆ ಉತ್ತರ ಕೊಟ್ಟುಬಿಟ್ಟ, ಬಾಗಿಲಲ್ಲಿ ಬಖೀತನ ದವಡೆ ನಿಂತಿತು. ಹಾಜಿ ತಿರುಗಿ ಅವನ ಮುಖ ನೋಡಲಿಲ್ಲ, ಕೈ ನೋಡಿದರು, ಎಷ್ಟು ತಿಕ್ಕಿದರೂ ಉಗುರಿನ ಬುಡದಲ್ಲಿ ಬಿಳುಪು ಹೋಗುವುದಿಲ್ಲ, ವರ್ಷಾನುಗಟ್ಟಲೆ ಹೋಗುವುದಿಲ್ಲ. ಗಾರೆ ಕೆಲಸದೋನಾ. ಹೌದು ಹಾಜಿ. ಈ ಮಂಚ ಯಾರದು. ಅಮ್ಮಂದು. ಹಾಗಾದ್ರೆ ನಿನ್ನನ್ನ ಒಂದೇ ಮಾತು ಕೇಳ್ತೀನಿ ಎಂದರು ಮುದುಕ, ತಮ್ಮ ಕಸುಬಿನವನೊಬ್ಬನ ಜೊತೆ ಮಾತಾಡುವ ಸಲಿಗೆಯಲ್ಲಿ, ಇದು ಒಡೆದಿದ್ರೆ ನಿಮ್ಮಮ್ಮನ್ನ ಈ ಗೋಡೆ ಕೆಳಗೆ ಒಂದು ರಾತ್ರಿ ಮಲಗಿಸ್ತಿದ್ಯಾ. ಇಲ್ಲ ಎಂದ ಶಹಾತ. ತಟ್ಟನೆ ಬಂತು, ಎಷ್ಟು ಸಲೀಸಾಗಿ ಬಂತು, ಇಲ್ಲ, ಎರಡು ವರ್ಷಕ್ಕೂ ಮೇಲೆ ಮಲಗಿಸಿದ್ದಾನೆ, ಎಂಟುನೂರು ರಾತ್ರಿ, ಪಕ್ಕದ ಕೋಣೆಯಲ್ಲಿ ಕಣ್ಣು ಬಿಟ್ಟುಕೊಂಡು ಅವಳ ಗೊರಕೆ ಎಣಿಸಿದ್ದಾನೆ, ಗೊರಕೆ ನಿಂತರೆ ಎದ್ದು ಓಡಿದ್ದಾನೆ, ಇಲ್ಲ ಹಾಜಿ, ಮಲಗಿಸ್ತಿರಲಿಲ್ಲ. ಅಷ್ಟು ಸಾಕು ಎಂದು ಹಾಜಿ ಅವನ ಬೆನ್ನು ತಟ್ಟಿದರು, ಆ ಕೈ ಬೆಚ್ಚಗಿತ್ತು, ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ಈಗ ಚಹಾ, ಈಗ ಕೊಡಬಹುದು, ಬಖೀತ್ ಕಣ್ಣಲ್ಲೇ ಹೇಳಿದ. ಹಜಾರದಲ್ಲಿ ಗಂಡಸರು, ಒಳಗೆ ಹೆಂಗಸರು, ನಡುವೆ ತೆರೆದ ಬಾಗಿಲು, ಬಾಗಿಲಾಚೆ ಗೋಡೆ, ಗೋಡೆಯಲ್ಲಿ ಬಿಲ್ಲೆ, ನೋಡಬೇಡ, ನೋಡಿದ. ಬಾ ಮಗಳೇ, ಕಾಲು ಬಾತಿದೆ ನೋಡು, ಸ್ವಲ್ಪ ಅಡ್ಡಾಗು ಎಂದು ಅಮ್ಮ ವಿದಾದಳನ್ನು ತನ್ನ ಮಂಚದ ಮೇಲೆ ಮಲಗಿಸುತ್ತಿದ್ದಳು — ಬೇಡ, ಅಲ್ಲಿ ಬೇಡ, ಸೋಫಾ ಇದೆಯಲ್ಲ — ಗೋಡೆ ಕಡೆ ತಲೆ ಮಾಡು, ಗಾಳಿ ಬರುತ್ತೆ. ಇದು ಅಮ್ಮನ ಹಾಳು ಉಪಚಾರ, ಬಾಗಿಲೊಳಗೆ ಬಂದವರು ಕೊಳ್ಳಲು ಬಂದವರಾದರೂ ಅವಳಿಗೆ ಅತಿಥಿಗಳೇ, ಮನೆಯೊಳಗಿನ ಒಳ್ಳೆಯ ಜಾಗ ಬಿಟ್ಟುಕೊಡದಿದ್ದರೆ ಅವಳಿಗೆ ತಡೆಯುವುದಿಲ್ಲ, ತಾನು ಎರಡು ವರ್ಷ ಮಲಗಿದ ಜಾಗವನ್ನೇ ಒಳ್ಳೆಯ ಜಾಗ ಎಂದುಕೊಂಡಿದ್ದಾಳೆ. ಸಕ್ಕರೆ ತರುವ ನೆಪದಲ್ಲಿ ಹೊರಬಂದವಳು ಅವನ ಕಿವಿಯ ಹತ್ತಿರ, ಶಹಾತ, ಆ ಹುಡುಗಿ ಬಸುರಿ ಎಂದಳು. ಗೊತ್ತು, ಸುಮ್ನಿರು. ನಾನೇನೂ ಹೇಳ್ತಿಲ್ಲಪ್ಪ, ಬಸುರಿ ಅಂದೆ ಅಷ್ಟೇ. ಸುಮ್ನಿರು ಅಂದ್ನಲ್ಲ. ಅವಳು ಸಕ್ಕರೆ ತೆಗೆದುಕೊಂಡು ಹೋದಳು, ಅವನಿಗೆ ಅವಳ ಮೇಲೂ ಸಿಟ್ಟು ಬಂತು, ನಿನಗೋಸ್ಕರ ತಾನೇ, ಇದೆಲ್ಲ ನಿನಗೋಸ್ಕರ ತಾನೇ, ಇನ್ನೊಬ್ಬರ ಮಗಳ ಬದಲು ನೀನು ಬದುಕ್ಬೇಕು ಅಂತ ತಾನೇ, ಹೇಳು, ಯಾರನ್ನ ಆರಿಸಲಿ ಹೇಳು. ಒಳಗಿಂದ ಕೌಸರ್ ದನಿ, ತೊಟ್ಟಿಲನ್ನ ಈ ಗೋಡೆಗೇ ಒತ್ತಿ ಇಡ್ಬಹುದು ಅಲ್ವೇನೇ, ಬಿಸಿಲು ಬೀಳಲ್ಲ. ಚಮಚ ಗ್ಲಾಸಿಗೆ ತಾಗಿತು, ಟಿಕ್, ಚಮಚವೇ ಇರಬೇಕು, ಆದರೆ ಹಾಜಿ ಚಮಚ ಆಗಲೇ ಕೆಳಗಿಟ್ಟಿದ್ದರು, ಬಖೀತ್ ಸಕ್ಕರೆ ಹಾಕಿಕೊಳ್ಳುವುದಿಲ್ಲ, ಹಾಗಾದರೆ ಯಾವುದು, ಅಡುಗೆಮನೆಯ ನೆಲವೋ, ಕಿಟಕಿಯ ಗಾಜೋ, ಮೇಲಿನ ಮನೆಯವರೋ, ಯಾವುದೋ ಒಂದು, ಕಿವಿ ಎರಡು ವರ್ಷದಿಂದ ಹೀಗೇ, ಇಲ್ಲದ್ದನ್ನೂ ಕೇಳುತ್ತದೆ.

ಮಾತು ಮುಗೀತು ಅಂತಿಟ್ಕೋ ಎಂದರು ಹಾಜಿ ಗ್ಲಾಸು ಕೆಳಗಿಟ್ಟು, ಕಾಗದಪತ್ರ ಭಾನುವಾರ ವಕೀಲರ ಹತ್ರ, ಈಗ ಫಾತಿಹಾ ಓದೋಣ, ಓದಿದ ಮೇಲೆ ನಾನೂ ಹಿಂದೆ ಹೋಗಲ್ಲ, ನೀನೂ ಹೋಗಬಾರದು, ಅಸರಿನ ಪಾರ್ಟಿಗೆ ಬಖೀತ್ ಬೇರೆ ಮನೆ ಹುಡುಕಲಿ. ಬಖೀತ್ ಹಲ್ಲು ಬಿಟ್ಟ, ಹುಡುಕ್ತೀನಿ ಹಾಜಿ, ಅವರ ಹಣೆಬರಹ. ಮೂವರೂ ಎದ್ದು ನಿಂತರು, ಅಂಗೈಗಳು ಮೇಲೆ, ಹಾಜಿಯ ದೊಡ್ಡ ಬಿರುಸು ಅಂಗೈ, ಬಖೀತನ ಉಪ್ಪು ಮೆತ್ತಿದ ಅಂಗೈ, ಇವನ ಗಾರೆ ತಿಂದ ಅಂಗೈ, ಮುಗಿಯಿತು, ಏಳೇ ವಾಕ್ಯ, ಏಳು ದಾಟಿದರೆ ಆಮ್ರಿಯ್ಯ, ದರ್ಜಿಯ ಮನೆಯಲ್ಲಿ ಓದಿದ್ದೂ ಇದೇ ಏಳು ವಾಕ್ಯ, ಅವತ್ತು ಬಾಯಿ ಮುಚ್ಚಲಿಕ್ಕೆ, ಇವತ್ತು ಮಾರಲಿಕ್ಕೆ, ಹಾಜಿ ಕಣ್ಣು ಮುಚ್ಚಿದರು, ತುಟಿಗಳು ಚಲಿಸಿದವು, ಇವನು ಕಣ್ಣು ಮುಚ್ಚಲಿಲ್ಲ, ಎರಡನೇ ವಾಕ್ಯಕ್ಕೆ ಬಾಗಿಲಾಚೆ ನೋಡಿದ, ಮಂಚದ ಮೇಲೆ ವಿದಾದ್ ಒಂದು ಮಗ್ಗುಲಾಗಿ, ಕೆನ್ನೆಯ ಕೆಳಗೆ ಅಮ್ಮನ ದಿಂಬು, ಅವಳ ಕೂದಲಿನ ಮೇಲೆ ಬಿಲ್ಲೆ, ಬಿಲ್ಲೆಯ ಮೇಲೆ ಒಂದು ಗೆರೆ.

ಕೂದಲು, ಅವಳ ಕೂದಲು ಅಂಟಿಕೊಂಡಿದೆ, ಅಲ್ಲ. ಅಲ್ಲ, ಹಾಜಿಯ ಉಗುರು ಗೀರಿದ್ದು, ಉಗುರು ಗೀರಿದರೆ ಬಿಳಿ ಗೀರು, ಇದು ಕಪ್ಪು. ಒಣಗುವಾಗ ಬಿಟ್ಟ ಬಿರುಕು, ಹೌದು ಒಣಗುವಾಗ — ಒಣಗುವಾಗ ಬಿಡುವುದು ಕೋಳಿಕಾಲಿನ ಹಾಗೆ ಕವಲು ಕವಲಾಗಿ, ಅದೂ ಜಿಪ್ಸಮ್ಮಿನಲ್ಲಿ ಅಲ್ಲ, ಸಿಮೆಂಟಿನಲ್ಲಿ, ಇದು ನೆಟ್ಟಗಿದೆ, ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ, ಅಡಿಯ ಬಿರುಕಿನ ದಾರಿ ಹಿಡಿದು ನೆಟ್ಟಗೆ. ಹಾಜಿಯ ಉಗುರು ಓಡಾಡಿದಾಗ ಇರಲಿಲ್ಲ. ಆ ಟಿಕ್. ಚಮಚ ಅಲ್ಲ. ಮೊದಲನೆಯದಕ್ಕೆ ಎಂಟು ತಿಂಗಳು ಬೇಕಾಗಿತ್ತು, ಇದಕ್ಕೆ ಒಂದು ದಿನವೂ ಬೇಕಾಗಲಿಲ್ಲ, ಬಚ್ಚಲ ಬಾಗಿಲು ಹಿಡಿದದ್ದೂ ತೇವಕ್ಕಲ್ಲ. ನಾಲಿಗೆ ಮೂರನೇ ವಾಕ್ಯದಲ್ಲಿ ಅಂಟಿತು. ಹಾಜಿ ಮುಗಿಸಿ ಕಣ್ಣು ಬಿಟ್ಟರು, ಆಮೀನ್ ಅನ್ನಪ್ಪ ಎಂದರು. ಅದನ್ನ ನಾನು ನಿನ್ನೆ ಹಾಕಿದ್ದು ಎಂದ ಶಹಾತ. ಏನಂದೆ ಎಂದ ಬಖೀತ್, ಇವನಿಗೆ ಜ್ವರ ಹಾಜಿ, ಬೆಳಿಗ್ಗೆಯಿಂದ ಮೈ ಸರಿಯಿಲ್ಲ. ಬಿಲ್ಲೆ ಎಂದ ಶಹಾತ, ನಿನ್ನೆ ಅಸರಿಗೆ ನಾನೇ ಹಾಕಿದ್ದು, ತಾರೀಕು ಸುಳ್ಳು, ನಿನ್ನೆ. ಮುದುಕನ ಮುಖಕ್ಕೆ ರಕ್ತ ನುಗ್ಗಿತು, ಚಪ್ಪಟೆ ಹೆಬ್ಬೆರಳಿನ ಆ ಕೈ ಮೇಲೆದ್ದಿತು, ಹೊಡೆಯಲಿ, ಹೊಡೆಯಲಿ, ಆದರೆ ಕೈ ಗಾಳಿಯಲ್ಲೇ ನಿಂತಿತು, ಶಹಾತ ನೋಡುತ್ತಿದ್ದ ಕಡೆಗೆ ಹಾಜಿಯೂ ತಿರುಗಿದ್ದರು, ತುಟಿ ಅಲುಗಿತು, ನಿನ್ನೆ, ಎಂದರು, ನಿನ್ನೆಯಾ, ಮತ್ತೆ ತುಂಬ ಮೆಲ್ಲಗೆ, ಸಾರುವೆಯ ಮೇಲೆ ನಿಂತವನನ್ನು ಬೆಚ್ಚಿಸದೆ ಇಳಿಸುವ ಮೇಸ್ತ್ರಿಯ ದನಿಯಲ್ಲಿ, ಕೌಸರ್, ಮಗಳನ್ನ ಎಬ್ಬಿಸು, ಚಪ್ಪಲಿ ಬೇಡ, ಚೀಲ ಬೇಡ, ಹಾಗೇ ಇಳಿಸು. ಏನಾಯ್ತು ರೀ. ಇಳಿಸು ಅಂದೆ. ಬಖೀತ್ ಮಾಮ ಆಗಲೇ ಬಾಗಿಲು ದಾಟಿದ್ದ, ಮೆಟ್ಟಿಲುಗಳಲ್ಲಿ ಅವನ ಕೂಗು, ಎಲ್ಲರೂ ಹೊರಗೆ, ಎಲ್ಲರೂ, ಬಾಗಿಲು ಬಡಿಯುವ ಸದ್ದು, ಮಹಡಿ ಮಹಡಿಯಲ್ಲಿ, ದರ್ಜಿಯ ಬಾಗಿಲೂ. ವಿದಾದ್ ಬರಿಗಾಲಲ್ಲಿ ಹೊಟ್ಟೆ ಹಿಡಿದು ಅವನನ್ನು ದಾಟಿ ಹೋದಳು, ಹಿಂದೆ ಅವಳಮ್ಮ, ಹಾಜಿ. ಬಾ ಅಮ್ಮ. ಕಾಲು ಏಳ್ತಿಲ್ಲ ಕಣೋ. ಮಂಚಕ್ಕೂ ಗೋಡೆಗೂ ನಡುವಿನ ಆ ಒಂದು ಮೊಳದಲ್ಲಿ ಕುಕ್ಕುರುಗಾಲಲ್ಲಿ ಕೂತು, ಮಂಚದ ಅಂಚಿನಲ್ಲಿದ್ದ ಅವಳಿಗೆ ಬೆನ್ನು ಕೊಟ್ಟ, ಅವಳ ತೋಳು ಕೊರಳಿಗೆ ಬಂತು, ಭಾರ ಬಂತು, ಏಳಬೇಕು, ಏಳು ಶಹಾತ, ಮುಖ ಗೋಡೆಗೆ ಎದುರಾಗಿದೆ, ಕಣ್ಣೆದುರಿಗೇ ಬಿಲ್ಲೆ, ಅವನೇ ಬರೆದ ಸುಳ್ಳು ತಾರೀಕು, ಗೆರೆಯ ಎಡಕ್ಕೆ ಅರ್ಧ ಅಂಕಿ, ಬಲಕ್ಕೆ ಅರ್ಧ ಅಂಕಿ, ಎರಡೂ ಒಂದಕ್ಕೊಂದು ಕೂಡುತ್ತಿಲ್ಲ, ಎಡದ ಅರ್ಧ ಒಂದು ಕಾಗದದ ದಪ್ಪದಷ್ಟು ಕೆಳಗಿದೆ, ಅಲ್ಲ, ಎರಡು ಕಾಗದ, ಏಳು ಶಹಾತ, ಎಡದ ಅರ್ಧ ಕೆಳಗೆ, ಬಲದ ಅರ್ಧ ಮೇಲೆ, ನಡುವೆ ಕಪ್ಪು ಗೆರೆ, ಎಡದ ಅರ್ಧ ಕೆಳಗೆ, ಇನ್ನೂ ಕೆಳಗೆ, ನಡುವೆ ಗೆರೆ